ಹಾಜರಿ ಪುಸ್ತಕದ ಸಹಿ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ವರ್ತಕ ನಗರದ ನಮ್ಮ ಬಿಲ್ಡಿಂಗಿಗೆಲ್ಲ ಗೊತ್ತು. ಬರಲಿ ಬಿಡಿ. ಬರಲೇಬೇಕಾದ ದಿನ ಅದು ಬಾಯಿಗಷ್ಟೇ ಬಂತು, ಕೈಗೆ ಇಳಿಯಲಿಲ್ಲ. ಅದೇ ನನ್ನ ಸಂಕಟ.

ಮಹಾಪೆಯ ಲ್ಯಾಬಿನಲ್ಲಿ ನನ್ನ ಕೆಲಸ, ರಾಸಾಯನಿಕಗಳು ಚರ್ಮವನ್ನು ಸುಡುತ್ತವೆಯೋ ಇಲ್ಲವೋ ಎಂದು ಪರೀಕ್ಷಿಸುವುದು. ಡೊಂಬಿವಲಿಯ ಕಾರ್ಖಾನೆಯೊಂದರ ಮಾಲಕ ಜಯೇಶ್, ಯಂತ್ರದ ಜಿಡ್ಡು ತೆಗೆಯುವ ಹೊಸ ದ್ರಾವಣ ತಂದ. ಎರಡು ದಾರಿ ಹೇಳಿದೆ. ಲ್ಯಾಬಿನಲ್ಲಿ ಬೆಳೆಸಿದ ಚರ್ಮದ ತುಣುಕಿನ ಮೇಲೆ ಹಾಕಿ ನೋಡಿದರೆ ಹತ್ತು ದಿನ, ಖರ್ಚೂ ಜಾಸ್ತಿ, ಆದರೆ ಉತ್ತರ ನಂಬಬಹುದು. ಕಂಪ್ಯೂಟರಿಗೆ ಕೇಳಿದರೆ ಒಂದೇ ತಾಸು, ಅಗ್ಗ. ಆದರೆ ಅದು ಹಳೆಯ ರಾಸಾಯನಿಕಗಳನ್ನು ನೋಡಿ ಹೇಳುವ ಊಹೆ.

"ಶುಕ್ರವಾರ್ ಕೋ ಮಾಲ್ ನಿಕಲ್ನಾ ಹೈ, ಮೇಡಂ," ಎಂದ. ಅಂದು ಬುಧವಾರ; ಮಾಲು ಹೊರಡಲು ಎರಡೇ ದಿನ.

ಕಂಪ್ಯೂಟರ್ "ಹಾನಿಯಿಲ್ಲ" ಎಂದಿತು. ಅದರ ಕೆಳಗೇ, "ಖಾತ್ರಿ ಕಡಿಮೆ, ಚರ್ಮದ ಪರೀಕ್ಷೆ ಮಾಡಿ" ಎಂದೂ ಹೇಳಿತು. ನಮ್ಮ ಸಾಹೇಬರು ಹಯಗ್ರೀವ ಆ ಸಾಲನ್ನು ವರದಿಯ ಎರಡನೆಯ ಪುಟಕ್ಕೆ ತಳ್ಳಿದರು.

"ಸುಳ್ಳೇನೂ ಬರ್ದಿಲ್ವಲ್ಲ ಪ್ರಭಾ. ಎರಡನೇ ಪುಟದಲ್ಲಿ ಇದೆ ತಾನೇ?"

"ಎರಡನೇ ಪುಟ ಯಾರು ಓದುದು ಸರ್? ನೀವು ಓದ್ತೀರಾ?" ಎಂದು ಕೂಗಾಡಿದೆ. ಕೂಗಾಡಿ, ಮೊದಲ ಪುಟಕ್ಕೆ ಸಹಿ ಹಾಕಿದೆ. ಥೂ ನನ್ನ ಜನ್ಮಕ್ಕೆ.

ಮೂರು ವಾರ ಕಳೆದು ಒಂದು ಬೆಳಿಗ್ಗೆ, ಲ್ಯಾಬ್ ಗುಡಿಸುವ ಚಂದವ್ವ ತಡವಾಗಿ ಬಂದಳು. ವಿಜಯಪುರದ ಕಡೆಯವಳು; ಗಂಡ ಜಟ್ಟೆಪ್ಪ ಅದೇ ಜಯೇಶನ ಕಾರ್ಖಾನೆಯಲ್ಲಿ ಲೋಡರ್. ಮಗಳು ಮಲ್ಲಿಕಾಳ ಮೈಮೇಲೆಲ್ಲ ಬೊಬ್ಬೆ ಎದ್ದು ಆಸ್ಪತ್ರೆಗೆ ಹಾಕಿದ್ದರಂತೆ. ಅವರ ಚಾಳಿನಲ್ಲಿ ನಲ್ಲಿ ಬರುವುದು ದಿನಕ್ಕೆ ಒಂದು ಗಂಟೆ. ಖಾಲಿಯಾದ ನೀಲಿ ಡ್ರಮ್ಮನ್ನು ಮನೆಗೆ ಒಯ್ದು, ತೊಳೆದು, ನೀರು ತುಂಬಿಡುವುದು ಲೋಡರುಗಳ ವಾಡಿಕೆ. ಈ ಸಲ ಬಂದದ್ದು ಆ ಹೊಸ ದ್ರಾವಣದ ಡ್ರಮ್ಮು; ಅದರ ನೀರಿನಲ್ಲೇ ಚಂದವ್ವ ಮಗುವಿಗೆ ಸ್ನಾನ ಮಾಡಿಸಿದ್ದಳು.

"ಅದ್ರಲ್ಲಿ ಏನಿತ್ತು ಅಂತ ಕೇಳ್ಲಿಲ್ವಾ ಮಾರಾಯ್ತಿ?"

"ಕೇಳದ ಇರ್ತೀವೇನ್ರಿ ಅಕ್ಕಾರ? ಕಾರ್ಖಾನಿ ಗ್ವಾಡಿಗಿ ಕಾಗದ ಹಚ್ಚ್ಯಾರ. ಮನಿಯವ್ರು ಫೋಟೋ ಹೊಡ್ಕೊಂಡ್ ಬಂದು ತೋರ್ಸಿದ್ರು. ನನಗ ಓದಾಕ ಬರೂದಿಲ್ಲ. ಆದ್ರ ಹಾಜರಿ ಪುಸ್ತಕದಾಗ ನನ್ನ ಹೆಸರಿನ ಮುಂದ ನೀವು ದಿನಾ ಹಾಕೂ ಸಹಿ ಗುರ್ತ ಸಿಗೂದಿಲ್ಲೇನ್ರಿ? ನಮ್ಮ ಅಕ್ಕಾರ ಸಹಿ ಐತಿ, ಡ್ರಮ್ ತೊಗೊಂಡ್ ಬರ್ರಿ ಅಂದೆ."

ಗೋಡೆಗೆ ಅಂಟಿಸಿದ್ದು ಮೊದಲ ಪುಟ ಮಾತ್ರ.

ಜಟ್ಟೆಪ್ಪನಿಗೆ ಫೋನು ಹಚ್ಚಿ ಆ ನೀರು ಚೆಲ್ಲಿಸಿದೆ. ಉಳಿದಿದ್ದ ದ್ರಾವಣವನ್ನು ಯಾರಿಗೂ ಕೇಳದೆ ಚರ್ಮದ ತುಣುಕಿನ ಮೇಲೆ ಹಾಕಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹತ್ತನೆಯ ದಿನ ಉತ್ತರ ಬಂತು. ಮೊದಲ ಪುಟದ ಮೊದಲ ಸಾಲಿನಲ್ಲೇ ದಪ್ಪಕ್ಷರದಲ್ಲಿ ಬರೆದೆ: ಚರ್ಮ ಸುಡುತ್ತದೆ.

"ಯಾರು ಕೇಳಿದ್ರು ಇದನ್ನ? ಖರ್ಚು ಯಾರ್ದು?" ಹಯಗ್ರೀವ ಸರ್ ಕೆಂಪಾದರು.

"ಆ ಮಗುವಿನ ಮೈಮೇಲೆ ಪುಕ್ಕಟೆ ಪರೀಕ್ಷೆ ಆಯ್ತಲ್ಲ ಸರ್. ಅದಕ್ಕಿಂತ ಅಗ್ಗದ್ದು ನಿಮಗೆ ಎಲ್ಲಿ ಸಿಗ್ತದೆ?" ಎಂದು ಹೊರಗೆ ಬಂದೆ.

ಮಲ್ಲಿಕಾ ಮನೆಗೆ ಬಂದಿದ್ದಳು, ಕಲೆಗಳು ಹೋಗಿರಲಿಲ್ಲ. ಚಂದವ್ವನ ಕೈಗೆ ಹೊಸ ಕಾಗದ ಕೊಟ್ಟು, ಎಲ್ಲ ಲೋಡರುಗಳಿಗೂ ತೋರಿಸು, ಡ್ರಮ್ಮು ಮುಟ್ಟಬೇಡಿ ಎಂದು ಹೇಳು ಎಂದೆ. ಅವಳು ಕೆಳಗಿನ ಮೂಲೆಯ ಮೇಲೆ ಬೆರಳಾಡಿಸಿದಳು.

"ಇದೂ ಅದ ಸಹಿ ಐತಲ್ರಿ ಅಕ್ಕಾರ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಯಾವ್ದು ನಂಬ್ಲಿ?"