ಮಾತು ಉಳಿಸಿಕೊಂಡ ಗುಡ್ಡದಣ್ಣ

ಮಗಳು ಅಪ್ಪನ ಬಲಗಾಲಿಗೆ ಬೂಟು ತೊಡಿಸಿ ದಾರ ಬಿಗಿಯುತ್ತಿದ್ದಾಗ ಅಮ್ಮ ಒಳಗೆ ಬಂದು ಅದನ್ನು ಬಿಚ್ಚತೊಡಗಿದಳು.

"ಬೂಟಿಲ್ಲದೆ ಅಪ್ಪ ಯಾವತ್ತಾದ್ರೂ ಹೊರಗೆ ಕಾಲಿಟ್ಟಿದ್ದುಂಟಾ ಅಮ್ಮ?"

"ಅದಕ್ಕೇ ಬೇಡ. ನಡೆದದ್ದು ಸಾಕು. ಉಣ್ಣೆ ಕಾಲುಚೀಲ ಹಾಕು, ಬೆಚ್ಚಗಿರ್ಲಿ."

ಮಗಳು ತುಟಿ ಕಚ್ಚಿಕೊಂಡಳು. ನಿನ್ನೆ ಬೆಳಿಗ್ಗೆಯಿಂದ ಒಂದು ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತ್ತು. ಜ್ವರವೆಂದು ಮಲಗಿದ್ದ ಅಪ್ಪನ ಉಸಿರು ನಿಂತದ್ದು ಕಂಡು ಅಮ್ಮ ಅವನ ಹಣೆ ಮುಟ್ಟಿ ನೋಡಿ, "ಅಬ್ಬಾ!" ಅಂದಿದ್ದಳು, ತಲೆಹೊರೆ ಇಳಿಸಿದವರ ಹಾಗೆ. ಆಮೇಲೂ ಒಂದು ಹನಿ ಕಣ್ಣೀರಿಲ್ಲ.

ಅಂಗಳದ ತುಂಬ ಜನ. ಸರೋವರದ ಸುತ್ತಲಿನವರೆಲ್ಲ ಅಪ್ಪನನ್ನು ಗುಡ್ಡದಣ್ಣ ಎಂದೇ ಕರೆಯುತ್ತಿದ್ದರು. ಬೇಸಿಗೆಯಲ್ಲಿ ಪ್ರವಾಸಿಗರನ್ನು ದೋಣಿಯಲ್ಲಿ ಸುತ್ತಿಸುವುದು, ಎಲೆ ಉದುರುವ ಕಾಲಕ್ಕೆ ಬೆಟ್ಟ ಹತ್ತಿಸುವುದು, ಹಿಮ ಬಿದ್ದರೆ ಇಳಿಜಾರಿನಲ್ಲಿ ಜಾರಲು ಕಲಿಸುವುದು. ಮನೆಯೆಂದರೆ ಅವನಿಗೆ ಒದ್ದೆ ಬಟ್ಟೆ ಒಣಗಿಸುವ ಜಾಗ.

"ಒಂದ್ಸಲ ಕೂಡ ಹೆದರಿದ್ದು ನೋಡಿಲ್ಲ ಅತ್ತಿಗೆ ನಾನು," ಎಂದ ದೋಣಿ ನಡೆಸುವ ಅವನ ಹಳೆಯ ಜೊತೆಗಾರ.

"ಅವರ ಪಾಲಿಂದೂ ನಾನೇ ಹೆದರಿದ್ದೆನಲ್ಲ," ಎಂದಳು ಅಮ್ಮ ಕಾಫಿ ಲೋಟ ಕೊಡುತ್ತ.

ಒಂದಿಬ್ಬರು ನಕ್ಕರು. ಮಗಳು ನಗಲಿಲ್ಲ.

*

ಮಗಳು ಇನ್ನೂ ತೊಟ್ಟಿಲಲ್ಲಿದ್ದ ವರ್ಷ, ಚಳಿಗಾಲದ ಕೊನೆ. ಮಧ್ಯಾಹ್ನ ಬಾಗಿಲಲ್ಲಿ ಬಂದು ನಿಂತ ಗುಡ್ಡದಣ್ಣನ ಮೀಸೆಯಲ್ಲಿ ಹಿಮದ ಹರಳು, ಪ್ಯಾಂಟು ತಗಡಿನಂತೆ ಸೆಟೆದಿತ್ತು. ಹೆಪ್ಪುಗಟ್ಟಿದ ಸರೋವರದ ಮೇಲೆ ಜಾರುತ್ತಿದ್ದ ಪ್ರವಾಸಿಯೊಬ್ಬ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದಿದ್ದ. ಅವನನ್ನು ಎಳೆದು ದಡ ಸೇರಿಸುವಷ್ಟರಲ್ಲಿ ಇವನೂ ಮುಳುಗಿ ಎದ್ದಿದ್ದ.

"ಏನಿಲ್ಲ ಕಣೇ. ಸರೋವರ ನನ್ನ ರುಚಿ ನೋಡಿ ಉಗಿದುಬಿಡ್ತು."

ಹೆಂಡತಿ ಅವನನ್ನು ಒಲೆಯ ಪಕ್ಕ ಕೂರಿಸಿ ಬಟ್ಟೆ ಬಿಚ್ಚಿಸಿದಳು.

"ಬೆಟ್ಟ ಬಿಡಿ ಅನ್ನಲ್ಲ ರೀ. ಅಂದ್ರೂ ನೀವು ಬಿಡೋ ಪೈಕಿ ಅಲ್ಲ. ಒಂದೇ ಒಂದು ಮಾತು ಕೊಡಿ. ಸಾಯೋದಾದ್ರೆ ಹಾಸಿಗೆ ಮೇಲೆ ಸಾಯ್ಬೇಕು. ನಿಮ್ಮನ್ನ ಹುಡುಕಿಸೋಕೆ ನನ್ನಿಂದಾಗಲ್ಲ."

ಅವನು ನಗಲು ಹೋಗಿ, ಅವಳ ಮುಖ ನೋಡಿ, ಅವಳ ಅಂಗೈ ಮೇಲೆ ಕೈಯಿಟ್ಟ.

"ಆಗ್ಲಿ. ಹಾಸಿಗೆ ಮೇಲೇ. ದಿಂಬಿನ ಸಮೇತ."

*

ಮಣ್ಣು ಮಾಡಿ ಇಳಿದು ಬರುವಾಗ ಮಗಳು ತಡೆಯಲಾರದೆ ಕೇಳಿಯೇಬಿಟ್ಟಳು.

"ಅಪ್ಪ ಹೋದ್ರೆ ಅಬ್ಬಾ ಅಂದ್ಯಲ್ಲಮ್ಮ. ಅಷ್ಟು ಸಾಕಾಗಿತ್ತಾ ನಿಂಗೆ?"

ಅಮ್ಮ ನಿಂತಳು. ಬೆಟ್ಟದ ಕಡೆ ಗದ್ದ ಎತ್ತಿದಳು.

"ನಿಮ್ಮಪ್ಪನ ಸ್ನೇಹಿತರು ಇಬ್ರು ಇನ್ನೂ ಅಲ್ಲೇ ಎಲ್ಲೋ ಇದ್ದಾರೆ, ಹಿಮದ ಕೆಳಗೆ. ಅವರ ಹೆಂಡ್ತೀರು ಇವತ್ತು ನನ್ನ ಕೈ ಹಿಡ್ಕೊಂಡು, ನೀನು ಪುಣ್ಯವಂತೆ ಅಂದ್ರು. ಮುಟ್ಟೋಕೆ ಹಣೆ ಸಿಕ್ತಲ್ಲೇ ನಂಗೆ. ಇನ್ನೂ ಬೆಚ್ಚಗಿತ್ತು. ಮಾತು ಉಳಿಸ್ಕೊಂಡ್ರು ಕಣೇ ನಿಮ್ಮಪ್ಪ."

ಮಗಳು ಅವಳ ತೋಳು ಹಿಡಿದಳು.

"ಅಳು ಬರುತ್ತೆ, ಬರ್ದೇ ಎಲ್ಲಿಗೆ ಹೋಗುತ್ತೆ," ಎಂದಳು ಅಮ್ಮ. "ಮೊದ್ಲು ಒಂಚೂರು ಉಸಿರಾಡ್ತೀನಿ."

ಸಂಜೆಗೆ ಗಾಳಿ ಎದ್ದಿತು. ಮೋಡ ಬೆಟ್ಟದ ನೆತ್ತಿಯನ್ನು ನುಂಗಿತು. ದಡದಲ್ಲಿ ಕಟ್ಟಿದ್ದ ದೋಣಿಗಳು ಒಂದಕ್ಕೊಂದು ಬಡಿಯತೊಡಗಿದವು. ಒಳಗೆ ಕೂತಿದ್ದವರೆಲ್ಲ ಮಾತು ನಿಲ್ಲಿಸಿ, ಅಭ್ಯಾಸದಂತೆ, ಅಮ್ಮನ ಕಡೆ ತಿರುಗಿದರು; ಇಂಥ ಗಾಳಿಯಲ್ಲಿ ಗಂಡ ಮನೆ ಸೇರುವ ತನಕ ಅವಳು ಕಿಟಕಿ ಬಿಟ್ಟು ಕದಲಿದವಳಲ್ಲ.

ಕಿಟಕಿಗೆ ಬೆನ್ನು ಹಾಕಿ, ಕುರ್ಚಿಯಲ್ಲಿ ಬಾಯಿ ತುಸು ತೆರೆದುಕೊಂಡು, ಅವಳು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಮೂಗಿನ ತುದಿಗೆ ಜಾರಿದ್ದ ಕನ್ನಡಕವನ್ನು ಮಗಳು ಮೆಲ್ಲಗೆ ತೆಗೆದು, ಬಂದವರಿಗೆಲ್ಲ ಸದ್ದು ಮಾಡಬೇಡಿ ಎಂದು ತುಟಿಗೆ ಬೆರಳಿಟ್ಟಳು.