ಬೆನ್ನ ಮೇಲಿನ ಬೂಟು

"ಏನೇ ಇದು? ಕಾಡುಮನುಷ್ಯನಾ, ಮದುವೆಗೆ ಹೊರಟ ಬೀಗನಾ? ಮುಖ ನೋಡು, ಮುಖಾನ! ನಾನು ಹೆದರಿಕೆ ಕೇಳಿದ್ರೆ ನೀನು ಗಾಂಭೀರ್ಯ ಬರ್ದಿದೀಯಲ್ಲೇ, ಮುಂಡೇದೇ!"

ಸಾಹೇಬ ಗೆರೆಯಕ್ಕನ ಕಂಪ್ಯೂಟರ್ ಪರದೆಯನ್ನು ಬೆರಳಿನಿಂದ ಕುಟ್ಟಿದ. ಗೆರೆಯಕ್ಕ ಬಟ್ಟೆ ಸುತ್ತಿದ್ದ ಬಲಗೈ ಮಣಿಕಟ್ಟನ್ನು ಎಡಗೈಯಿಂದ ಒತ್ತಿಕೊಳ್ಳುತ್ತ ಕೂತಳು.

ಆ ನೆಲಮಾಳಿಗೆಯಲ್ಲಿ ನಾವು ಐದು ಜನ ಚಿತ್ರ ಬರೆಯುವವರು. ಅಜ್ಜಂದಿರ ಕಾಲದಲ್ಲಿ ಬೀದಿಬದಿ ಮಾರುತ್ತಿದ್ದ ಸಾಹಸದ ಪತ್ರಿಕೆಗಳ ಮುಖಪುಟದಂಥ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಹುಟ್ಟಿಸುವುದು ನಮ್ಮ ಕೆಲಸ. ಹಲ್ಲು ಕಿಸಿದ ಹುಲಿ, ಹಾರುವ ತಟ್ಟೆ, ಬೆಂಕಿ ಕಾರುವ ಬೆಟ್ಟ, ಅಂಗಿ ಹರಿದ ವೀರ, ಅವನ ತೋಳಿಗೆ ಜೋತುಬಿದ್ದ ಸುಂದರಿ. ಬರೆದು ಮುಗಿದ ಮೇಲೆ ಅದನ್ನು ಮುದಿ ಮಾಡಬೇಕು. ಕಾಗದಕ್ಕೆ ಹಳದಿ ಬಳಿಯಬೇಕು, ಮಡಿಕೆಯ ಗೀರು ಹಾಕಬೇಕು, ಅಗ್ಗದ ಅಚ್ಚಿನ ಚುಕ್ಕಿಗಳನ್ನು ಉದುರಿಸಬೇಕು, ತುಟಿಯ ಕೆಂಪು ಗೆರೆ ದಾಟಿ ಒಂಚೂರು ಆಚೆ ಚೆಲ್ಲಬೇಕು. ಕೊನೆಗೆ ಎಂದೂ ಹುಟ್ಟದಿದ್ದ ಯಾವನೋ ಚಿತ್ರಕಾರನ ರುಜುವನ್ನು ಮೂಲೆಯಲ್ಲಿ ಅಂಟಿಸಬೇಕು. ರುಜು ಸಾಹೇಬನ ಕೈಬರಹ.

ಗೆರೆಯಕ್ಕ ನಮ್ಮೆಲ್ಲರಿಗಿಂತ ಚೆನ್ನಾಗಿ ಬರೆಯುತ್ತಿದ್ದಳು, ಅದಕ್ಕೇ ಆ ಹೆಸರು. ಅವಳ ಅಪ್ಪ ಅದೇ ಕಟ್ಟಡದ ಐದೂ ಮಹಡಿಯ ಕಕ್ಕಸು ತೊಳೆಯುತ್ತಿದ್ದ. ತಾರಸಿಯಲ್ಲಿ ನೀರಿನ ಟ್ಯಾಂಕಿನ ಹಿಂದೆ ಒಂದು ಕೋಣೆ. ಅದರಲ್ಲಿ ಅಪ್ಪ, ಮಗಳು, ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಮಲಗಿದ್ದ ಅಮ್ಮ. ಕಟ್ಟಡ ಸಾಹೇಬನದು. ಕೆಲಸ ಇರುವತನಕ ಕೋಣೆ.

"ನಿಮ್ಮಪ್ಪ ಎಲ್ಲೇ? ಕರಿ ಅವನ್ನ," ಅಂದ ಸಾಹೇಬ. "ಕಾಡುಮನುಷ್ಯನ್ನ ಮನೇಲೇ ಇಟ್ಕೊಂಡು ಇಲ್ಲಿ ಕೂತು ಪರದಾಡ್ತಾಳೆ."

"ಬೇಡ ಸಾರ್. ನಾನೇ ತಿದ್ದಿ ಕೊಡ್ತೀನಿ."

"ತಿದ್ದಿದ್ದು ನೋಡಿದೆನಲ್ಲ!"

ಅಪ್ಪ ಬಕೆಟ್ಟನ್ನು ಬಾಗಿಲ ಹೊರಗಿಟ್ಟು, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಒಳಗೆ ಬಂದ. ಅಂಗಿ ಬಿಚ್ಚು ಅಂದರು, ಬಿಚ್ಚಿದ. ಮಂಡಿಯೂರು ಅಂದರು, ಊರಿದ. ಸಾಹೇಬ ನಾಟಕದ ಅಂಗಡಿಯಿಂದ ತರಿಸಿದ್ದ ಅಗಲ ಟೋಪಿಯನ್ನೂ ಮೊಣಕಾಲುದ್ದದ ಬೂಟನ್ನೂ ತೊಟ್ಟುಕೊಂಡು, ಮುದುಕನ ಬೆನ್ನ ಮೇಲೆ ಒಂದು ಕಾಲಿಟ್ಟ. ನಮ್ಮಲ್ಲೊಬ್ಬನಾದ ಕನ್ನಡಕದವನ ಕೈಗೆ ಕ್ಯಾಮೆರಾ ಕೊಟ್ಟಿದ್ದ.

"ಭಾರ ಬಿಟ್ರೇನೇ ನಿಜ ಅನ್ಸೋದು, ಅಲ್ವೇನೋ?"

"ಬಿಡಿ ಸ್ವಾಮಿ, ಬಿಡಿ. ಕುದುರೆ ಗಟ್ಟಿಯಾಗಿದೆ," ಅಂದ ಅಪ್ಪ. ಮಗಳು ನಗಲಿ ಎಂದು ಅಂದದ್ದು. ಅವಳು ನಗಲಿಲ್ಲ.

"ಹಲ್ಲು ಕಿಸೀಬೇಡ! ಹೆದರ್ಕೋ!"

ಅಪ್ಪ ಹೆದರಿದವನಂತೆ ಕಣ್ಣರಳಿಸಿದ, ಬಾಯಿ ತೆರೆದ. ಮಗುವಿನ ಜೊತೆ ಗುಮ್ಮನ ಆಟ ಆಡುವವನ ಮುಖ ಬಂತೇ ಹೊರತು ಬೇರೆ ಬರಲಿಲ್ಲ. ಸಾಹೇಬ ಮೇಜಿನ ಮೇಲಿದ್ದ ಕಪ್ಪು ವೈರನ್ನು ಎರಡು ಮಡಿಕೆ ಮಾಡಿಕೊಂಡು ಅವನ ಪಕ್ಕೆಗೆ ಬಾರಿಸಿದ. ಇನ್ನೊಂದು ಬಾರಿಸಿದ.

"ಹಾಂ! ಹಿಡಿಯೋ ಹಿಡಿಯೋ, ಅದೇ ಮುಖ!"

ಗೆರೆಯಕ್ಕ ಎದ್ದು ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಪ್ಪ ಅಂಗಿಗಾಗಿ ನೆಲ ತಡವುತ್ತಿದ್ದ. "ಏನೂ ಆಗ್ಲಿಲ್ಲ ಕಣಮ್ಮಾ. ಚುರುಕ್ ಅಂತು, ಅಷ್ಟೇ. ನೀನು ಬರಿ ಹೋಗು. ಅಮ್ಮಂಗೆ ಹೇಳ್ಬೇಡ." ಬಕೆಟ್ ಎತ್ತಿಕೊಂಡು ಮೆಟ್ಟಿಲು ಹತ್ತಿದ.

ಅವಳು ಬರೆದಳು. ಪಕ್ಕದಲ್ಲೇ ಕೂತಿದ್ದ ನನಗೆ ಅವಳ ಪರದೆ ಕಾಣುತ್ತಿತ್ತು. ಚಿತ್ರವನ್ನು ಎಳೆದೆಳೆದು ದೊಡ್ಡದು ಮಾಡಿದ್ದಳು; ಬರೀ ಕಂದು ಚೌಕಗಳು. "ಅದು ಅಪ್ಪನ ಮುಖ ಅಂತ ಗೊತ್ತಾಗದಷ್ಟು ದೊಡ್ಡದು ಮಾಡ್ಕೊಂಡ್ರೆ ಕೈ ಓಡುತ್ತೆ," ಅಂದಳು, ನನ್ನ ಕಡೆ ನೋಡದೆ.

ಆ ಚಿತ್ರ ಕಾಳ್ಗಿಚ್ಚಿನಂತೆ ಹಬ್ಬಿತು. ಗೋಡೆಗೆ, ಕಾಫಿ ಕಪ್ಪಿಗೆ, ಟೀಶರ್ಟಿಗೆ ಎಲ್ಲದಕ್ಕೂ ಅದೇ. ಕಟ್ಟಡದ ಆಫೀಸುಗಳ ಹುಡುಗರಿಗೆ ಮುದುಕನ ಗುರುತು ಹತ್ತಲು ಬಹಳ ಹೊತ್ತು ಹಿಡಿಯಲಿಲ್ಲ. "ಏ ಕಾಡುಮನುಷ್ಯಾ, ಎಲ್ಲಿ, ಹೆದರ್ಕೋ ನೋಡೋಣ!" ಒಬ್ಬ ಆ ಟೀಶರ್ಟ್ ತೊಟ್ಟುಕೊಂಡೇ ಬಂದು, ಕಕ್ಕಸು ಉಜ್ಜುತ್ತಿದ್ದವನ ಬೆನ್ನ ಮೇಲೆ ಬೂಟುಗಾಲಿಟ್ಟು ಸೆಲ್ಫಿ ತೆಗೆದುಕೊಂಡ.

ಅಂದು ಅಪ್ಪ ಕರೆಯದೇ ಕೆಳಗೆ ಬಂದ. ಮಗಳ ಮೇಜಿನ ಹತ್ತಿರ ನಿಂತು, ಗುಟ್ಟು ಹೇಳುವವನಂತೆ ಬಗ್ಗಿದ.

"ಅಮ್ಮಾ, ಆ ಚಿತ್ರ ಅಳಿಸೋಕೆ ಬರಲ್ವಾ? ನೀನೇ ಬರ್ದಿದ್ದಲ್ವಾ?"

"ಎಲ್ಲಾ ಕಡೆ ಹೋಗ್ಬಿಟ್ಟಿದೆ ಅಪ್ಪಾ."

"ಒಂದು ಕಡೆಯಾದ್ರೂ ಅಳಿಸಿದ್ರೆ ಸಾಕಿತ್ತು."

ಅವಳ ಬೆರಳುಗಳಿಂದ ಪೆನ್ನು ಜಾರಿ ಬಿತ್ತು. ಆಗೆಲ್ಲ ಹಾಗೆ ಬೀಳುತ್ತಲೇ ಇತ್ತು. ಮಣಿಕಟ್ಟಿನಿಂದ ಕೆಳಗೆ ಜೋಮು. ನಾನು ಎತ್ತಿಕೊಟ್ಟೆ.

ಸಾಹೇಬನಿಗೆ ಈಗ ಅದೇ ಮುದುಕನ ಸರಣಿ ಬೇಕಾಯಿತು. ಮುಂದಿನದರಲ್ಲಿ ಕಾಡುಮನುಷ್ಯ ತಲೆಕೆಳಗಾಗಿ ಹಗ್ಗದಲ್ಲಿ ನೇತಾಡಬೇಕು, ಕೆಳಗೆ ಮೊಸಳೆ ಬಾಯಿ ತೆರೆದಿರಬೇಕು. ಮೊಸಳೆ ನಾವು ಬರೆಯುವುದು. ನೇತಾಡುವುದು ಅಪ್ಪ. ಚಾವಣಿಗೆ ಕೊಕ್ಕೆ ಹೊಡೆಸಿದ್ದಾಗಿತ್ತು.

ಅಪ್ಪ ಬಾಗಿಲು ದಾಟುತ್ತಲೇ ತಾನಾಗಿ ಅಂಗಿಯ ಗುಂಡಿ ಬಿಚ್ಚತೊಡಗಿದ. ಯಾರೂ ಬಿಚ್ಚು ಅಂದಿರಲಿಲ್ಲ.

ಗೆರೆಯಕ್ಕ ಎದ್ದು ಹೋಗಿ ಅವನೆದುರು ನಿಂತಳು. ಬಿಚ್ಚಿದ ಗುಂಡಿಗಳನ್ನು ಮತ್ತೆ ಹಾಕತೊಡಗಿದಳು. ಬೆರಳು ಮಡಚುತ್ತಿರಲಿಲ್ಲ, ಗುಂಡಿ ಜಾರುತ್ತಿತ್ತು, ಮತ್ತೆ ಹಿಡಿಯುತ್ತಿದ್ದಳು.

"ಏನೇ ಮಾಡ್ತಿದೀಯ?"

"ಗುಂಡಿ ಹಾಕ್ತಿದೀನಿ."

"ನಿನ್ನ ಕೊಬ್ಬೇ! ಬಿಚ್ಚಿಸೇ!"

"ಆಗಲ್ಲ."

"ಹಾಗಿದ್ರೆ ರೂಮು ಖಾಲಿ ಮಾಡು. ಈಗಲೇ. ಆ ಹೆಣಾನೂ ಹೊತ್ಕೊಂಡು ತೊಲಗು!"

ಅಪ್ಪ ಸಾಹೇಬನ ಕಾಲಿಗೆ ಬಿದ್ದ. "ಸ್ವಾಮಿ, ಹುಡುಗಿಗೆ ತಿಳುವಳಿಕೆ ಸಾಲ್ದು. ನಾನು ನೇತಾಡ್ತೀನಿ. ಕಟ್ಟಿ ಸ್ವಾಮಿ, ಎಷ್ಟು ಹೊತ್ತಾದ್ರೂ ಸರಿ." ಅವಳು ಅವನ ಕಂಕುಳಿಗೆ ಕೈಹಾಕಿ ಎಬ್ಬಿಸಿದಳು. ಆಮೇಲೆ ಸುತ್ತ ನೋಡಿದಳು. ಸಾಹೇಬನ ಮೇಜಿನ ಹಿಂದೆ ಎತ್ತರದ ಬೆನ್ನಿನ, ಮೆತ್ತನೆಯ ಚಕ್ರದ ಕುರ್ಚಿಯಿತ್ತು. ಹೋಗಿ ಅದನ್ನು ಎಳೆದಳು.

"ಅಮ್ಮಂಗೆ ನಡೆಯೋಕಾಗಲ್ಲ," ಅಂದಳು.

"ಏಯ್! ನನ್ನ ಕುರ್ಚಿ ಕಣೇ ಅದು! ಬಿಡೇ!"

ಅವನು ಮುಂದೆ ಬರುವಷ್ಟರಲ್ಲಿ ನಾವು ಮೂವರು ಎದ್ದು ನಡುವೆ ನಿಂತಿದ್ದೆವು. ಕನ್ನಡಕದವನು ತಲೆ ಎತ್ತಲಿಲ್ಲ, ಮೊಸಳೆಯ ಹಲ್ಲು ಬರೆಯುತ್ತಲೇ ಇದ್ದ. ಅವನ ಹೆಂಡತಿಗೆ ದಿನ ತುಂಬಿತ್ತು.

ಕುರ್ಚಿಯನ್ನು ತಾರಸಿಗೆ ಹೊತ್ತೆವು. ಅಮ್ಮನನ್ನು ಕೂರಿಸಿ, ಜಾರದಂತೆ ಹೊದಿಕೆಯಿಂದ ಕಟ್ಟಿದೆವು. ಹೊರಲು ಭಾರವೇ ಇರಲಿಲ್ಲ ಅವಳು, ಭಾರವೆಲ್ಲ ಕುರ್ಚಿಯದೇ. ಮಹಡಿ ಮಹಡಿಯಲ್ಲೂ ಹುಡುಗರು ಬಾಗಿಲಿಗೆ ಬಂದು ನೋಡಿದರು. ಯಾರೂ ಹೆದರ್ಕೋ ಅನ್ನಲಿಲ್ಲ. ಕೆಳಗೆ ಸಾಹೇಬ ಫೋನಿನಲ್ಲಿ ಕೂಗುತ್ತಿದ್ದ: "ಕಳ್ಳತನ ಸಾರ್, ಹಗಲುಗಳ್ಳತನ! ಬೇಗ ಜೀಪು ಕಳಿಸಿ!"

ಬೀದಿಗಿಳಿದ ಮೇಲೆ ಎತ್ತ ಹೋಗುವುದೆಂದು ಯಾರಿಗೂ ಹೊಳೆಯಲಿಲ್ಲ. ನುಣುಪು ನೆಲಕ್ಕೆಂದು ಮಾಡಿದ ಚಕ್ರಗಳು ಮೊದಲ ಗುಂಡಿಯಲ್ಲೇ ಸಿಕ್ಕಿಕೊಂಡವು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅಮ್ಮ ಕೇಳಿದಳು, "ಎಲ್ಲಿಗೆ ಹೊರಟ್ವಿ?"

ಗೆರೆಯಕ್ಕ ಬಗ್ಗಿ ಸಿಕ್ಕಿಕೊಂಡ ಚಕ್ರವನ್ನು ಎಡಗೈಯಿಂದ ಎತ್ತಲು ನೋಡಿದಳು. ಬೀದಿಯ ಆ ತುದಿಯಲ್ಲಿ ಜೀಪು ತಿರುಗಿತು.

ಅಪ್ಪ ಕುರ್ಚಿಯ ಹಿಂದೆ ಬಂದು, ಬಾಗಿ, ಎರಡೂ ಕೈ ಕೊಟ್ಟ. ಅವನು ದನಿ ಏರಿಸಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

"ನೋಡ್ತಾ ಏನ್ರೋ ನಿಂತಿದೀರಾ? ತಳ್ರೋ!"