ಆಯುಧಪೂಜೆಯ ಸೀಡಿ

ಭದ್ರಾವತಿಯ ಕಾಗದನಗರದ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದ ಕಾಂತರಾಜನ ಬಳಿ ಕಂಪ್ಯೂಟರ್ ಇತ್ತು, ಆಟ ಇರಲಿಲ್ಲ. ಶಿವಮೊಗ್ಗದ ವಿದ್ಯಾನಗರದಲ್ಲಿ ಸ್ಕೂಟರ್ ರಿಪೇರಿ ಮಾಡುತ್ತಿದ್ದ ಅವನ ಗೆಳೆಯ ಹಯಾತನ ಬಳಿ ಆಟ ಇತ್ತು, ಕಂಪ್ಯೂಟರ್ ಇರಲಿಲ್ಲ. ಇಬ್ಬರಿಗೂ ಮೂವತ್ತು ಹತ್ತಿರ ಬಂದಿತ್ತು. ಬುದ್ಧಿ ಬರುವ ಲಕ್ಷಣ ಮಾತ್ರ ಕಾಣುತ್ತಿರಲಿಲ್ಲ. ಬಂದೂಕು ಹಿಡಿದವನನ್ನು ಅವನ ಬೆನ್ನ ಹಿಂದೆ ನಿಂತು ಆಡಿಸುವ ಹೊಸ ಆಟವೊಂದು ಬರುತ್ತದೆ ಎಂದು ಪತ್ರಿಕೆಯಲ್ಲಿ ಓದಿ, ಆ ಒಂದು ಪುಟವನ್ನು ಎಂಟು ತಿಂಗಳು ಮಡಿಚಿ ಬಿಚ್ಚಿ ಚಿಂದಿ ಮಾಡಿದ್ದರು. ಕೊನೆಗೆ ಹಯಾತನ ಅಕ್ಕ ಸಲೀಮಾಳ ಗಂಡ ದುಬೈಯಿಂದ ಬರುವಾಗ ಸೀಡಿ ತಂದುಕೊಟ್ಟ.

ಆಯುಧಪೂಜೆಯ ಹಿಂದಿನ ಸಂಜೆ ಹಯಾತ್ ಬಸ್ಸು ಹತ್ತಿ ಬಂದು ಡಬ್ಬಿ ಕೈಗಿತ್ತ.

"ನಮ್ಮನೇಲಿಟ್ರೆ ಅಕ್ಕನ ಮಕ್ಕಳು ಉಳಿಸಲ್ಲ. ನಾಳೆ ಗ್ಯಾರೇಜಲ್ಲಿ ಪೂಜೆ, ನಾಡಿದ್ದು ಬರ್ತೀನಿ. ಮೊದಲ್ನೇ ಸಲ ಇಬ್ರೂ ಒಟ್ಟಿಗೇ ನೋಡ್ಬೇಕು ಮಾರಾಯ. ಅಲ್ಲೀವರೆಗೆ ಸೀಲ್ ಒಡೀಬೇಡ."

"ಅಮ್ಮನಾಣೆ ಒಡೆಯಲ್ಲ," ಎಂದ ಕಾಂತರಾಜ.

ಅವನ ತಾಯಿ ಪದ್ಮಮ್ಮ ಅಲ್ಲೇ ಕೂತು ಹೂ ಕಟ್ಟುತ್ತಿದ್ದಳು. ತನ್ನ ಮೇಲೆ ಆಣೆ ಬಿದ್ದರೂ ತಲೆ ಎತ್ತಲಿಲ್ಲ. ಅಷ್ಟು ಅಭ್ಯಾಸವಾಗಿತ್ತು.

ಆಣೆ ಬೆಳಗಿನ ಕಾಫಿಯವರೆಗೆ ಬಾಳಿತು. ಒಳಗಿನ ಪುಸ್ತಕವನ್ನಷ್ಟೇ ನೋಡುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡು ಕಾಂತರಾಜ ಬ್ಲೇಡಿನಿಂದ ಸೀಲು ಕೊಯ್ದ. ಪುಸ್ತಕ ಓದಿದ, ಸೀಡಿಯನ್ನು ಮೂಸಿದ, ಅದನ್ನು ಮಾನಿಟರಿನ ಮೇಲಿಟ್ಟು ಮಾವಿನ ಸೊಪ್ಪು ತರಲು ಹೋದ. ವಾಪಸು ಬರುವಷ್ಟರಲ್ಲಿ ಪದ್ಮಮ್ಮ ಕುಡುಗೋಲು, ಈಳಿಗೆಮಣೆ, ಸೈಕಲ್ಲು, ಮಿಕ್ಸಿ ಎಲ್ಲಕ್ಕೂ ಪೂಜೆ ಮುಗಿಸಿದ್ದಳು. ಕಂಪ್ಯೂಟರಿಗೆ ಚೆಂಡುಹೂವಿನ ಹಾರ ಬಿದ್ದಿತ್ತು. ಸೀಡಿಯ ಮೇಲೆ ದಪ್ಪಗೆ ಗಂಧ, ನಡುವೆ ಕುಂಕುಮ.

"ಅಯ್ಯೋ, ಅಮ್ಮಾ!"

"ಯಾಕೋ? ಹೊಳೆಯೋ ಕಡೆ ತಾನೇ ಮುಖ? ಅಲ್ಲೇ ಇಟ್ಟಿದೀನಿ. ಇನ್ನು ನಾಳೆವರೆಗೆ ಯಾವುದನ್ನೂ ಮುಟ್ಟಬೇಡ. ಪೂಜೆ ಮಾಡಿದ್ದನ್ನ ಅವತ್ತೇ ಮುಟ್ಟಬಾರದು."

ಪದ್ಮಮ್ಮ ಅಂದು ತರಕಾರಿಯನ್ನೂ ಹೆಚ್ಚಲಿಲ್ಲ. ಕಾಂತರಾಜ ಇಡೀ ದಿನ ಹಾರ ಹಾಕಿದ ಕಂಪ್ಯೂಟರಿನ ಎದುರು ಸಾವಿನ ಮನೆಗೆ ಬಂದವನಂತೆ ಕೂತಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದಕ್ಕಿಂತ ದೊಡ್ಡ ಸಂಕಟ ಎಂದರೆ, ಹಯಾತನ ಮುಖ ನೋಡುವುದು ಹೇಗೆ ಎಂಬುದು.

ವಿಜಯದಶಮಿಯ ಬೆಳಿಗ್ಗೆ ಹಯಾತ್ ಹೊಸ ಅಂಗಿ ಹಾಕಿಕೊಂಡು ಬಂದ. ಕೊಯ್ದ ಸೀಲನ್ನು ತಿರುಗಿಸಿ ತಿರುಗಿಸಿ ನೋಡಿದ.

"ಒಡ್ದಿದ್ದು ನಾನೇ," ಎಂದ ಕಾಂತರಾಜ. "ಆದ್ರೆ ಆಡಿಲ್ಲ ಕಣೋ."

"ಬೆಕ್ಕು ಹಾಲಿನ ಮುಚ್ಚಳ ತೆಗೆದು, ನೋಡಿ, ಹಾಗೇ ಮುಚ್ಚಿಟ್ಟು ಬಂತಂತೆ."

"ಪೂಜೆ ಮಾಡಿದ್ದನ್ನ ಮುಟ್ಟೋಕೆ ನಾನು ಬಿಡ್ತೀನೇನಪ್ಪ?" ಎಂದು ಪದ್ಮಮ್ಮ ಸಾಕ್ಷಿ ಹೇಳಿದಳು.

"ನೀವು ಮಗನ್ನ ಬಿಟ್ಟುಕೊಡ್ತೀರಾ ಅಮ್ಮ?" ಎಂದು ಹಯಾತ್ ಮಂಚದ ಆ ತುದಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತ. "ಆಡು, ನೀನೇ ಆಡು. ನಿಂಗೆ ದಾರಿ ಗೊತ್ತಲ್ಲ."

ಎಂಟು ತಿಂಗಳ ಕನಸು ಹೀಗೆ ಮುರಿದದ್ದಕ್ಕೆ ಕಾಂತರಾಜನಿಗೆ ನಿಜಕ್ಕೂ ಅಳು ಬಂತು. ಪದ್ಮಮ್ಮ ಸೀಡಿಯನ್ನು ನಲ್ಲಿಯ ಕೆಳಗೆ ಹಿಡಿದು, ಸೀಗೆಪುಡಿ ಹಾಕಿ ಹಿತ್ತಾಳೆ ದೀಪದಂತೆ ತಿಕ್ಕಿ, ಸೆರಗಿನಲ್ಲಿ ಒರೆಸಿ ಕೊಟ್ಟಳು. ಕಂಪ್ಯೂಟರ್ ಅದನ್ನು ನುಂಗಿ ಮುಕ್ಕಾಲು ಗಂಟೆ ನರಳಿತು.

ಕೊನೆಗೆ ಪರದೆಯ ಮೇಲೆ ಹಡಗುಕಟ್ಟೆ, ಮಂಜು, ಉದ್ದ ಕೋಟು ತೊಟ್ಟ ಒಬ್ಬ ಧಡೂತಿ ಮನುಷ್ಯನ ಬೆನ್ನು ಕಾಣಿಸಿತು.

"ಯಾಕೆ ಮುಖ ತಿರುಗಿಸ್ಕೊಂಡಿದಾನೆ?" ಎಂದಳು ಪದ್ಮಮ್ಮ. "ಇವನಿಗೂ ಕೋಪನಾ?"

ಕಾಂತರಾಜ ಕೀ ಒತ್ತಿದ. ಧಡೂತಿ ನೇರವಾಗಿ ಹೋಗಿ ಗೋಡೆಗೆ ಮೂಗು ಹಚ್ಚಿ, ಅಲ್ಲೇ ನಡೆಯುತ್ತಲೇ ಇದ್ದ. ತಿರುಗಿಸಿದರೆ ಆಕಾಶ ನೋಡಿದ. ಶತ್ರು ಬಂದಾಗ ಗುಂಡು ಹಾರಿಸುವ ಬದಲು ಕುಕ್ಕರುಗಾಲಲ್ಲಿ ಕೂತ, ಸತ್ತ. ಎರಡನೇ ಸಲ ನೀರಿಗೆ ಬಿದ್ದ. ಮೂರನೇ ಸಲವೂ ಅದೇ ನೀರಿಗೆ ಬಿದ್ದ. ಐದನೇ ಸಲ ಶತ್ರು ಬರುವುದಕ್ಕೂ ಮೊದಲೇ ತನ್ನದೇ ಬಾಂಬಿಗೆ ಸತ್ತ. ಇಷ್ಟರಲ್ಲಿ ಹಯಾತ್ ಮಂಚದ ಆ ತುದಿಯಿಂದ ಈ ತುದಿಗೆ ಜಾರಿದ್ದ.

"ಬಾಗಿಲು ಅಲ್ಲೇ ಇದೆಯಲ್ಲೋ!"

"ಎಲ್ಲಿ?"

"ಅಗೋ, ನಿನ್ನ ಮೂಗಿನ ಮುಂದೆ! ಥೂ, ಹೋದ."

ಏಳನೇ ಸಲ ಸತ್ತಾಗ ಹಯಾತ್ ಕಾಂತರಾಜನ ಮುಖವನ್ನೇ ನೋಡಿದ.

"ನೀನು ನಿಜವಾಗ್ಲೂ ಆಡಿಲ್ಲ ಮಾರಾಯ," ಎಂದ ನಿಧಾನವಾಗಿ. "ಒಂದು ಗಂಟೆ ಆಡಿದ ಯಾವ ಹೆಡ್ಡನೂ ಇಷ್ಟು ಕೆಟ್ಟದಾಗಿ ಆಡಲ್ಲ."

ಕಾಂತರಾಜನನ್ನು ಹೆಡ್ಡ ಎಂದವರು ಕಾರ್ಖಾನೆಯಲ್ಲೂ ಇದ್ದರು, ಮನೆಯಲ್ಲೂ ಇದ್ದರು. ಆ ಮಾತು ಕೇಳಿ ಅವನಿಗೆ ಜೀವ ಬಂದಂತಾದದ್ದು ಇದೇ ಮೊದಲು.

"ಸರಿ, ಸರ್ಕೋ," ಎಂದು ಹಯಾತ್ ಅರ್ಧ ಕುರ್ಚಿ ಕಿತ್ತುಕೊಂಡು, ಅಂಗಿಯ ತೋಳು ಮಡಿಚಿ ಕೀ ಒತ್ತಿದ. ಧಡೂತಿ ನೇರವಾಗಿ ಗೋಡೆಗೆ ಹೋದ.